ಅಚ್ಚಿಗೆ ಕೊಟ್ಟ ಒಪ್ಪಿಗೆ ಪೀಠಕ್ಕೆ ಸಲ್ಲದು

ಕಲಾವಿದನ ಸ್ವಾತಂತ್ರ್ಯವೆಂಬ ಮಾತು ಬಂದೊಡನೆ ಉಳಿದೆಲ್ಲ ಪ್ರಶ್ನೆಗಳೂ ತೀರಿದವೆಂದು ಭಾವಿಸುವವರಿದ್ದಾರೆ. ನ್ಯೂಯಾರ್ಕಿನ ಶಿಲ್ಪಿ ಜಾನ್ ಅಹರ್ನ್ 1991ರ ಸೆಪ್ಟೆಂಬರಿನಲ್ಲಿ ನಿಲ್ಲಿಸಿದ ಮೂರು ಕಂಚಿನ ಪ್ರತಿಮೆಗಳನ್ನು ಐದೇ ದಿನಗಳಲ್ಲಿ ತಾವಾಗಿಯೇ ತೆಗೆಸಿದುದು ಅಂಥವರಿಗೆ ಕಲೆಯ ಸೋಲಾಗಿ ಕಾಣುತ್ತದೆ. ಅದು ಸೋಲಲ್ಲ, ವಿವೇಕ.

ಅಹರ್ನ್ ಜೀವಂತ ಮನುಷ್ಯರ ಮೈಮೇಲೆಯೇ ಅಚ್ಚು ತೆಗೆಯುವ ಶಿಲ್ಪಿ. ದಂತವೈದ್ಯರು ಬಳಸುವ ಆಲ್ಜಿನೇಟ್ ಎಂಬ ಲೇಪವನ್ನು ಮುಖಕ್ಕೆ ಬಳಿದು, ಮೇಲೆ ಪ್ಲಾಸ್ಟರಿನ ಪಟ್ಟಿ ಸುತ್ತುತ್ತಾರೆ. ಉಸಿರಿಗೆಂದು ಮೂಗಿನಲ್ಲಿ ಕೊಳವೆಗಳಿರುತ್ತವೆ. ಕಣ್ಣು ಮುಚ್ಚಿ ಅಲುಗದಿರುವ ವ್ಯಕ್ತಿ ತನ್ನ ಉಸಿರನ್ನೇ ಮತ್ತೊಬ್ಬರ ಕೈಗೆ ಒಪ್ಪಿಸಿರುತ್ತಾನೆ. ಬಡವರೇ ಹೆಚ್ಚಾಗಿರುವ ದಕ್ಷಿಣ ಬ್ರಾಂಕ್ಸ್‌ನಲ್ಲಿ, ರಿಗೊಬರ್ಟೊ ಟೊರೆಸ್ ಅವರೊಡಗೂಡಿ, ಅಹರ್ನ್ ಈ ಕೆಲಸವನ್ನು ಬೀದಿಬದಿಯಲ್ಲಿ ನೆರೆಹೊರೆಯವರ ಕಣ್ಣೆದುರೇ ನಡೆಸಿದರು. ಬಣ್ಣ ಬಳಿದ ಒಂದು ಪ್ರತಿ ಅಚ್ಚಿಗೆ ಒಡ್ಡಿಕೊಂಡವರ ಮನೆಗೆ, ಇನ್ನೊಂದು ಶಿಲ್ಪಿಗೆ. ಈ ವ್ಯವಹಾರದಲ್ಲಿ ವಂಚನೆಗೆ ಎಡೆಯಿರಲಿಲ್ಲ.

ನಗರಾಡಳಿತವು 44ನೆಯ ಪೊಲೀಸ್ ಠಾಣೆಯ ಎದುರಿನ ಬಯಲಿಗೆ ಪ್ರತಿಮೆಗಳನ್ನು ಬಯಸಿದಾಗ ಪ್ರಶ್ನೆಯೇ ಬದಲಾಯಿತು. ಸಾಕುನಾಯಿಯೊಡನೆ ಒಬ್ಬ ಯುವಕ, ಚಕ್ರದ ಪಾದರಕ್ಷೆ ತೊಟ್ಟ ಹುಡುಗಿ, ಚೆಂಡು ಮತ್ತು ಟೇಪ್‌ರೆಕಾರ್ಡರ್ ಜೊತೆಗೆ ನಿಂತ ಇನ್ನೊಬ್ಬ ಯುವಕ: ಮೂವರೂ ಅಹರ್ನ್‌ಗೆ ಪರಿಚಿತರು. ಆದರೆ ಮನೆಯ ಗೋಡೆಯ ಮೇಲೆ ಬಂಧುವಿನಂತಿದ್ದ ಮುಖ ಪೀಠವೇರಿದೊಡನೆ ಇಡೀ ಜನಾಂಗದ ಪ್ರತಿನಿಧಿಯಾಗುತ್ತದೆ. ಅದೂ ಪೊಲೀಸ್ ಠಾಣೆಯ ಎದುರಿಗೆ! ಕರಿಯರನ್ನು ಕುರಿತ ಕೀಳು ಕಲ್ಪನೆಯನ್ನೇ ಕಂಚಿನಲ್ಲಿ ಎರಕ ಹೊಯ್ಯಲಾಗಿದೆಯೆಂದು ಅಲ್ಲಿಯ ಕೆಲವು ನಿವಾಸಿಗಳು ಆಕ್ಷೇಪಿಸಿದರು.

ಹಾಗಾದರೆ ಆ ಮೂವರು ಪೀಠಕ್ಕೆ ಅಯೋಗ್ಯರೇ? ಖಂಡಿತ ಅಲ್ಲ. ಸಜ್ಜನರ ವಿಗ್ರಹವಷ್ಟೇ ಬೇಕೆಂದು ಬಡವರ ಮಕ್ಕಳನ್ನು ಮರೆಮಾಡುವುದೂ ಹಿಂಸೆಯೇ. ಆದರೆ ಅವರ ಯೋಗ್ಯತೆಯನ್ನು ಸಾರುವ ಹಕ್ಕು, ಪ್ರತಿದಿನ ಆ ಪ್ರತಿಮೆಗಳ ನೆರಳಿನಲ್ಲಿ ನಡೆಯಬೇಕಾದವರನ್ನು ಕೇಳದೆ ಶಿಲ್ಪಿಗಾಗಲಿ ಸರಕಾರಕ್ಕಾಗಲಿ ದೊರೆಯದು. ಮೈಯ ಅಚ್ಚಿಗೆ ಮೈಯುಳ್ಳವರ ಒಪ್ಪಿಗೆ ಸಾಕು. ಬೀದಿಯ ಪ್ರತಿಮೆಗೆ ಬೀದಿಯವರ ಒಪ್ಪಿಗೆಯೂ ಬೇಕು.

ಹಣ ಕೊಟ್ಟವರ ಇಚ್ಛೆಯನ್ನೇ ಊರಿನ ಇಚ್ಛೆಯೆಂದು ತಿಳಿದು ಮೂರ್ತಿಗಳನ್ನು ನಿಲ್ಲಿಸುವ ಎಲ್ಲ ಸಮಿತಿಗಳೂ ಇದನ್ನು ಗಮನಿಸಲಿ. ಐದು ವರ್ಷಗಳ ಹಿಂದೆ, 1986ರಲ್ಲಿ, ಒಪ್ಪಿಸಲ್ಪಟ್ಟ ಕಾರ್ಯವನ್ನು ಐದು ದಿನಗಳಲ್ಲಿ ತ್ಯಜಿಸಲು ಅಹರ್ನ್‌ಗೆ ಸಾಧ್ಯವಾಯಿತು. ತನ್ನ ಕೃತಿಗಿಂತ ನೆರೆಯವನ ನೋವು ದೊಡ್ಡದೆಂದು ಒಪ್ಪುವುದು ಉಳಿ ಹಿಡಿಯುವುದಕ್ಕಿಂತಲೂ ಕಠಿಣವಾದ ವಿದ್ಯೆ.