ಬೀಗ ಜಗ್ಗಿ ನೋಡಿದಿರಾ?

ಊರಿಗೆ ಹೊರಟ ಗೃಹಸ್ಥರು ಬೀಗ ಹಾಕಿದ ಮೇಲೂ ಅದನ್ನೊಮ್ಮೆ ಜಗ್ಗಿ ನೋಡದೆ ಮೆಟ್ಟಿಲಿಳಿಯುವುದಿಲ್ಲ. ಗಣಕಯಂತ್ರದ ಬೀಗವನ್ನೂ ಹೀಗೆಯೇ ಜಗ್ಗಿ ನೋಡಬೇಕಾಗುತ್ತದೆಂಬುದು ಜಯನಗರದ ಮನೆಯೊಂದರಲ್ಲಿ ಮೊನ್ನೆ ಸಂಜೆ ಮನವರಿಕೆಯಾಯಿತು.

ಆ ಮನೆಯ ಸೊಸೆ ಆಸ್ಪತ್ರೆಯೊಂದರ ಗಣಕಯಂತ್ರಗಳ ಮೇಲ್ವಿಚಾರಕಿ. ನೂರಾರು ರೋಗಿಗಳ ಗುಟ್ಟು ಅವುಗಳಲ್ಲಿದೆ. ಆಕೆ 'ಗೆಟೆನ್‌ಫೋರ್ಸ್' ಎಂದು ಬೆರಳಚ್ಚಿಸಿದೊಡನೆ ಪರದೆಯ ಮೇಲೆ 'ಪರ್ಮಿಸಿವ್' ಎಂಬ ಒಂದೇ ಪದ ಮೂಡಿತು. ಆಕೆಯ ಮುಖ ಬಾಡಿತು.

"ಏನಮ್ಮಾ, ಕೆಟ್ಟ ಸುದ್ದಿಯೇ?" ಎಂದರು ಮಾವನವರು, ಪತ್ರಿಕೆಯನ್ನು ಮಡಿಸಿಡುತ್ತ.

"ಕಾವಲುಗಾರನೇನೋ ಇದ್ದಾನೆ, ಮಾವ. ಬರಬಾರದವರು ಬಂದರೆ ಹೆಸರು ಬರೆದುಕೊಳ್ಳುತ್ತಾನೆ, ತಡೆಯುವುದಿಲ್ಲ."

ಈ ಕಾವಲುಗಾರನ ಹೆಸರು 'ಎಸ್‌ಇ ಲಿನಕ್ಸ್'. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯು 2000ದ ಡಿಸೆಂಬರಿನಲ್ಲಿ ಇದನ್ನು ಸಾರ್ವಜನಿಕರಿಗೆ ಬಿಡುಗಡೆ ಮಾಡಿತು. 2003ರಲ್ಲಿ ಇದು ಲಿನಕ್ಸಿನ ತಿರುಳಿಗೇ ಸೇರಿತು. ಸಾಮಾನ್ಯ ಪದ್ಧತಿಯಲ್ಲಿ ಕಡತವನ್ನು ಯಾರು ನೋಡಬಹುದೆಂಬುದನ್ನು ಅದರ ಒಡೆಯನೇ ನಿರ್ಧರಿಸುತ್ತಾನೆ. ಇಲ್ಲಿ ಹಾಗಲ್ಲ. ಪ್ರತಿಯೊಂದು ಕಡತಕ್ಕೂ, ಓಡುತ್ತಿರುವ ಪ್ರತಿಯೊಂದು ಪ್ರೋಗ್ರಾಮಿಗೂ ಒಂದು ಚೀಟಿ ಅಂಟಿರುತ್ತದೆ. ಯಾವ ಚೀಟಿಯುಳ್ಳದ್ದು ಯಾವುದನ್ನು ಮುಟ್ಟಬಹುದೆಂಬ ನಿಯಮ ಮೊದಲೇ ಬರೆದಿರುತ್ತದೆ. ನಿಯಮದಲ್ಲಿಲ್ಲದಿದ್ದರೆ ಅನುಮತಿಯಿಲ್ಲ. 'ಎನ್‌ಫೋರ್ಸಿಂಗ್' ಎಂಬ ಉತ್ತರ ಬಂದರೆ ಕಾವಲುಗಾರ ತಡೆಯುತ್ತಿದ್ದಾನೆ; 'ಪರ್ಮಿಸಿವ್' ಎಂದರೆ ಬರೆದುಕೊಳ್ಳುತ್ತಿದ್ದಾನಷ್ಟೆ; 'ಡಿಸೇಬಲ್ಡ್' ಎಂದರೆ ಕಾವಲೇ ಇಲ್ಲ.

ಹಿಂದಿನ ವಾರ ಆಸ್ಪತ್ರೆಯ ಹೊಸ ಜಾಲತಾಣ ತೆರೆಯಲಿಲ್ಲವೆಂದು ಸಹೋದ್ಯೋಗಿಯೊಬ್ಬರು "ಎರಡು ದಿನದ ಮಟ್ಟಿಗೆ" ಎಂದು ಕಾವಲನ್ನು ಸಡಿಲಿಸಿದ್ದರು. ಜಾಲತಾಣ ತೆರೆಯಿತು, ಮಾತು ಮರೆತುಹೋಯಿತು. ಕಾವಲುಗಾರನ ದಿನಚರಿಯನ್ನು ಓದಿದಾಗ ನಿಜವಾದ ಕಾರಣ ತಿಳಿಯಿತು: ಬೇರೆಡೆಯಿಂದ ತಂದಿಟ್ಟ ಕಡತಗಳಿಗೆ ಹಳೆಯ ಚೀಟಿಯೇ ಉಳಿದಿತ್ತು. 'ರಿಸ್ಟೋರ್‌ಕಾನ್' ಎಂಬ ಆಜ್ಞೆಯಿಂದ ಚೀಟಿ ಸರಿಯಾಯಿತು. 'ಸೆಟೆನ್‌ಫೋರ್ಸ್ 1' ಎಂದೊಡನೆ ಕಾವಲು ಬಿಗಿಯಾಯಿತು.

"ಅಲ್ಲಿಗೆ ಮುಗಿಯಿತಲ್ಲ?"

"ಇನ್ನೊಮ್ಮೆ ಜಗ್ಗಿ ನೋಡಬೇಕು, ಮಾವ."

ಆಕೆ 'ಎಸ್‌ಇ ಸ್ಟೇಟಸ್' ಎಂಬ ಆಜ್ಞೆಯಿತ್ತಳು. ಈಗಿನ ಸ್ಥಿತಿ 'ಎನ್‌ಫೋರ್ಸಿಂಗ್' ಎಂದೂ, ಶಾಶ್ವತ ವ್ಯವಸ್ಥೆಯ ಕಡತದಲ್ಲಿರುವುದು 'ಪರ್ಮಿಸಿವ್' ಎಂದೂ ಎರಡು ಸಾಲುಗಳು ಕಂಡವು. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದಾಗ ಜಾರಿಗೆ ಬರುವುದು ಆ ಕಡತದಲ್ಲಿರುವ ಮಾತು. ಅದನ್ನೂ ತಿದ್ದಿದ ಮೇಲೆಯೇ ಆಕೆ ನಿಟ್ಟುಸಿರುಬಿಟ್ಟದ್ದು.

"ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನಲ್ಲೂ ಇವನೇ ಇದ್ದಾನೆ" ಎಂದಳು ಸೊಸೆ. 2014ರ ಆಂಡ್ರಾಯ್ಡ್ 5.0ರಿಂದ ಅಲ್ಲಿ ಈ ಕಾವಲು ಪೂರ್ತಿಯಾಗಿ ಜಾರಿಯಲ್ಲಿದೆ. ಮಾವನವರು ಫೋನನ್ನು ಹೊಸ ಗೌರವದಿಂದ ತಿರುಗಿಸಿ ನೋಡಿದರು.

ಮರುದಿನ ಆಕೆ ಸಹೋದ್ಯೋಗಿಯೊಡನೆ ಜಗಳಕ್ಕೆ ನಿಲ್ಲಲಿಲ್ಲ. ಕಾವಲು ಸಡಿಲಿಸಿದ ದಿನ, ಕಾರಣ, ಮತ್ತೆ ಬಿಗಿಗೊಳಿಸಬೇಕಾದ ದಿನ, ಈ ಮೂರನ್ನು ಬರೆದಿಡಲು ಒಂದು ಪುಸ್ತಕ ತೆರೆದಳು. ಮೊದಲ ಸಾಲನ್ನು ಆ ಸಹೋದ್ಯೋಗಿಯೇ ಬರೆದರು.