ಯಾರನ್ನು ಉಳಿಸಿದರೆ ವೀರ?

2008ರ ಆಗಸ್ಟ್ 20ರಂದು ಅಮೆರಿಕದ ಇಡಾಹೋ ರಾಜ್ಯದ ಬಾಯ್ಸಿ ನಗರದಲ್ಲಿ ಎಡ್ ಫ್ರೀಮನ್ ಎಂಬ ನಿವೃತ್ತ ಮೇಜರ್ ನಿಧನರಾದರು. ಆಗ ಅವರಿಗೆ 80 ವರ್ಷ. ವಿಯೆಟ್ನಾಂ ಯುದ್ಧದಲ್ಲಿ ಹೆಲಿಕಾಪ್ಟರ್ ಹಾರಿಸಿ ಗಾಯಾಳು ಸೈನಿಕರನ್ನು ಸಾವಿನ ದವಡೆಯಿಂದ ಹೊತ್ತು ತಂದವರು ಅವರು. ಅವರ ಮರಣಾನಂತರ ಒಂದು ಇಮೇಲ್ ಸಂದೇಶ ಕೈಯಿಂದ ಕೈಗೆ ಹರಿದಾಡತೊಡಗಿತು. ಇಂತಹ ವೀರ ತೀರಿಕೊಂಡರೂ ಮಾಧ್ಯಮಗಳು ಬಾಯಿ ಬಿಡಲಿಲ್ಲ, ನಟ-ಗಾಯಕರ ಸಾವಿಗೆ ಮಾತ್ರ ದಿನವಿಡೀ ಅಳುತ್ತವೆ ಎಂಬುದು ಅದರ ತಿರುಳು. 2009ರ ಜೂನ್‌ನಲ್ಲಿ ಮೈಕೆಲ್ ಜಾಕ್ಸನ್ ತೀರಿಕೊಂಡಾಗ ಅದೇ ಸಂದೇಶಕ್ಕೆ ಮರುಜೀವ ಬಂತು. ಫ್ರೀಮನ್ 'ಕಳೆದ ಬುಧವಾರ'ವಷ್ಟೇ ನಿಧನರಾದರೆಂದು ಜನ ನಂಬಿದರು. ರಕ್ಷಣಾ ಕಾರ್ಯದ ವೇಳೆ ಅವರ ಕೈಕಾಲುಗಳಿಗೆ ನಾಲ್ಕು ಗುಂಡುಗಳು ತಗುಲಿದ್ದವೆಂಬ ಕಟ್ಟುಕತೆಯನ್ನೂ ಅದಕ್ಕೆ ಸೇರಿಸಲಾಗಿತ್ತು.

ನಿಜವಾದ ಸಾಹಸವೇ ಸಾಲದಾಯಿತೇ? ಸತ್ಯಕ್ಕೆ ಸುಳ್ಳಿನ ಒಡವೆ ತೊಡಿಸಿ ಮೆರವಣಿಗೆ ಹೊರಡಿಸುವ ಈ ಚಾಳಿ ಇಂದು ಮೊಬೈಲಿನ ಮೂಲಕ ಮನೆಮನೆಗೂ ತಲುಪಿದೆ. ಆದರೆ ಆ ಸಂದೇಶದ ಸುಳ್ಳಿಗಿಂತ ಅದರ ಮೌನವೇ ನನ್ನನ್ನು ಹೆಚ್ಚು ಕಾಡುತ್ತದೆ. ಆ ಮೌನವೇನೆಂದು ಹೇಳುವ ಮೊದಲು ಫ್ರೀಮನ್‌ರಿಗೆ ಸಲ್ಲಬೇಕಾದುದನ್ನು ಸಲ್ಲಿಸೋಣ.

ಅವರದು ಮಿಸಿಸಿಪ್ಪಿಯ ಬಡ ಹಳ್ಳಿಯ ದೊಡ್ಡ ಕುಟುಂಬ. ಆರಡಿ ನಾಲ್ಕಂಗುಲದ ಆಳು. ಎತ್ತರ ಹೆಚ್ಚಾಯಿತೆಂಬ ಕಾರಣಕ್ಕೆ ಸೇನೆ ಮೊದಲು ಅವರಿಗೆ ವಿಮಾನ ಚಾಲಕನ ತರಬೇತಿಯನ್ನೇ ನಿರಾಕರಿಸಿತ್ತು. 1955ರಲ್ಲಿ ನಿಯಮ ಸಡಿಲವಾದ ಬಳಿಕವಷ್ಟೇ ದಾರಿ ತೆರೆಯಿತು. 1965ರ ನವೆಂಬರ್ 14ರಂದು ಇಯಾ ಡ್ರಾಂಗ್ ಕಣಿವೆಯಲ್ಲಿ ಅಮೆರಿಕದ ಒಂದು ಬೆಟಾಲಿಯನ್ ಉತ್ತರ ವಿಯೆಟ್ನಾಂ ಸೇನೆಯ ಮುತ್ತಿಗೆಯಲ್ಲಿ ಸಿಲುಕಿತು. ಗುಂಡಿನ ಮಳೆ ಎಷ್ಟಿತ್ತೆಂದರೆ ಗಾಯಾಳುಗಳನ್ನು ಒಯ್ಯಲೆಂದೇ ನಿಯೋಜಿತವಾದ ಹೆಲಿಕಾಪ್ಟರುಗಳೇ ಅಲ್ಲಿ ಇಳಿಯಲು ಹಿಂಜರಿದವು. ಫ್ರೀಮನ್ ಹಾಗೂ ಅವರ ಮೇಲಧಿಕಾರಿ ಬ್ರೂಸ್ ಕ್ರ್ಯಾಂಡಲ್ ಶಸ್ತ್ರರಹಿತ ಹೆಲಿಕಾಪ್ಟರುಗಳಲ್ಲಿ ಮತ್ತೆ ಮತ್ತೆ ಅಲ್ಲಿಗೆ ಹೋದರು. ಹೋಗುವಾಗ ನೀರು, ಮದ್ದುಗುಂಡು, ಔಷಧ, ಬರುವಾಗ ಗಾಯಾಳುಗಳು. ಫ್ರೀಮನ್ ಒಬ್ಬರೇ 14 ಬಾರಿ ಹಾರಿ, ತೀವ್ರವಾಗಿ ಗಾಯಗೊಂಡ ಸುಮಾರು 30 ಮಂದಿಯನ್ನು ಹೊರತಂದರು.

1967ರಲ್ಲಿ ಸೇನೆಯಿಂದ ನಿವೃತ್ತರಾದ ಅವರು ಪತ್ನಿ ಮತ್ತು ಇಬ್ಬರು ಗಂಡುಮಕ್ಕಳೊಂದಿಗೆ ಇಡಾಹೋದಲ್ಲಿ ನೆಲೆಸಿ, 1991ರವರೆಗೆ ಸರಕಾರಿ ಹೆಲಿಕಾಪ್ಟರ್ ಹಾರಿಸುತ್ತಾ ಕಾಳ್ಗಿಚ್ಚು ನಂದಿಸುವ, ವನ್ಯಪ್ರಾಣಿಗಳನ್ನು ಎಣಿಸುವ ಕೆಲಸ ಮಾಡಿದರು. ತನ್ನ ಸಾಹಸವನ್ನು ಮಾರಿಕೊಳ್ಳದೆ ಸಂಸಾರ ನಡೆಸಿದ ಮನುಷ್ಯ. 2001ರ ಜುಲೈ 16ರಂದು ಶ್ವೇತಭವನದಲ್ಲಿ ಅಧ್ಯಕ್ಷ ಬುಷ್ ಅವರಿಗೆ ರಾಷ್ಟ್ರದ ಅತ್ಯುನ್ನತ ಶೌರ್ಯಪದಕ ನೀಡಿದರು. ಮೂವತ್ತಾರು ವರ್ಷ ತಡವಾಯಿತು ನಿಜ. ಆದರೆ ಆ ವಿಳಂಬಕ್ಕೆ ಕಾರಣ ಶಿಫಾರಸಿನ ಗಡುವು ಮೀರಿದ್ದು, ದ್ವೇಷವಲ್ಲ. ಅವರನ್ನು ಗೌರವಿಸಬಾರದೆಂದು ಹೇಳಿದ ಅಮೆರಿಕನ್ನರು ಯಾರೂ ಇರಲಿಲ್ಲ. ಪತ್ರಿಕೆಗಳು ಅವರ ನಿಧನವಾರ್ತೆಯನ್ನೂ ಪ್ರಕಟಿಸಿದವು, ಒಂದು ಅಂಚೆ ಕಚೇರಿಗೆ ಅವರ ಹೆಸರನ್ನೂ ಇಡಲಾಯಿತು.

ಇನ್ನು ಆ ಮೌನದ ವಿಷಯ. ಅದೇ ಯುದ್ಧದಲ್ಲಿ ಅದೇ ಸೇನೆಯ ಇನ್ನೊಬ್ಬ ಹೆಲಿಕಾಪ್ಟರ್ ಚಾಲಕನೂ ಜೀವ ಉಳಿಸಿದ್ದರು. ಅವರ ಹೆಸರು ಹ್ಯೂ ಥಾಂಪ್ಸನ್. ಅವರು 2006ರ ಜನವರಿ 6ರಂದು ತಮ್ಮ 62ನೆಯ ವಯಸ್ಸಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ಇಂತಹದೊಂದು ಸಂದೇಶ ದೇಶಾಭಿಮಾನಿಗಳ ಕೈಯಿಂದ ಕೈಗೆ ಹರಿದಾಡಲಿಲ್ಲ. ಕಾರಣ ಸ್ಪಷ್ಟ. ಅವರು ಉಳಿಸಿದ್ದು ವಿಯೆಟ್ನಾಮಿನ ಹಳ್ಳಿಗರನ್ನು. ಉಳಿಸಿದ್ದು ಅಮೆರಿಕದ ಸೈನಿಕರಿಂದ.

1968ರ ಮಾರ್ಚ್ 16ರ ಬೆಳಿಗ್ಗೆ ಮೈಲಾಯ್ ಎಂಬ ಹಳ್ಳಿಯ ಮೇಲೆ 24ರ ಹರೆಯದ ಥಾಂಪ್ಸನ್ ಸಣ್ಣ ವೀಕ್ಷಣಾ ಹೆಲಿಕಾಪ್ಟರಿನಲ್ಲಿ ಹಾರುತ್ತಿದ್ದರು. ಜೊತೆಗಿದ್ದವರು ಇಬ್ಬರೇ, ಗ್ಲೆನ್ ಆಂಡ್ರಿಯೋಟಾ ಮತ್ತು ಲಾರೆನ್ಸ್ ಕೋಲ್‌ಬರ್ನ್. ಕೆಳಗೆ ಬಿದ್ದಿದ್ದ ಗಾಯಾಳುಗಳ ಬಳಿ ಹಸಿರು ಹೊಗೆಯ ಗುರುತು ಹಾಕಿ ನೆರವು ಕೋರಿದರು. ಮರಳಿ ಬಂದು ನೋಡಿದರೆ ಅವರೆಲ್ಲ ಹೆಣವಾಗಿದ್ದರು. ಕಾಲುವೆಯೊಂದರ ತುಂಬ ಶವಗಳು. ಮುದುಕರು, ಹೆಂಗಸರು, ಹಸುಗೂಸುಗಳು. ಒಂದು ಅಡಗುತಾಣದಲ್ಲಿ ಅವಿತಿದ್ದ ಹಳ್ಳಿಗರತ್ತ ಅಮೆರಿಕದ ಸೈನಿಕರು ಧಾವಿಸುತ್ತಿರುವುದನ್ನು ಕಂಡಾಗ ಥಾಂಪ್ಸನ್ ಹೆಲಿಕಾಪ್ಟರನ್ನು ಇಬ್ಬರ ನಡುವೆ ಇಳಿಸಿದರು. ಇವರು ಹಳ್ಳಿಗರ ಮೇಲೆ ಗುಂಡು ಹಾರಿಸಿದರೆ ನೀವು ಇವರ ಮೇಲೆ ಹಾರಿಸಿ ಎಂದು ತನ್ನ ಸಂಗಡಿಗರಿಗೆ ಹೇಳಿ, ಬರಿಗೈಯಲ್ಲಿ ಮುಂದೆ ನಡೆದು ಹಳ್ಳಿಗರನ್ನು ಹೊರಗೆ ಕರೆತಂದರು. ಇತರ ಹೆಲಿಕಾಪ್ಟರುಗಳನ್ನು ಕರೆಸಿ ಅವರನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸಿದರು.

ನಂತರ ಆಂಡ್ರಿಯೋಟಾ ಕಾಲುವೆಗೆ ಇಳಿದು, ಶವಗಳ ನಡುವೆ ಮಿಸುಕುತ್ತಿದ್ದ ಮಗುವೊಂದನ್ನು ಎತ್ತಿ ತಂದರು. ಅದನ್ನು ಆಸ್ಪತ್ರೆಗೆ ಒಯ್ಯುವಾಗ, ಸುಮಾರು ಅದೇ ವಯಸ್ಸಿನ ಮಗ ತನ್ನ ಮನೆಯಲ್ಲೂ ಇದ್ದಾನೆಂಬುದು ಮನಸ್ಸನ್ನು ಹಿಂಡಿತೆಂದು ಥಾಂಪ್ಸನ್ ಮುಂದೆ ಹೇಳಿಕೊಂಡರು. ಅವರ ವರದಿಯ ಬಳಿಕವೇ ಕೊಲೆ ನಿಲ್ಲಿಸುವ ಆದೇಶ ಬಂತು. ಅಷ್ಟರೊಳಗೆ ಸತ್ತವರು ಅಮೆರಿಕದ ಸೇನೆಯ ಲೆಕ್ಕದಲ್ಲಿ 347, ವಿಯೆಟ್ನಾಮಿನ ಲೆಕ್ಕದಲ್ಲಿ 504.

ಕುಟುಂಬವತ್ಸಲ ಎಂಬ ಪದವನ್ನು ನಾವು ಚರಮವಾರ್ತೆಗಳಲ್ಲಿ ಧಾರಾಳವಾಗಿ ಬಳಸುತ್ತೇವೆ. ಹೆಂಡತಿ ಮಕ್ಕಳನ್ನು ಪ್ರೀತಿಸಿದರು, ಮನೆಯನ್ನು ಚೆನ್ನಾಗಿ ನೋಡಿಕೊಂಡರು ಎಂಬುದು ಅದರ ಅರ್ಥ. ಒಳ್ಳೆಯದೇ. ಆದರೆ ತನ್ನ ಗೂಡನ್ನು ಹದ್ದೂ ಕಾಯುತ್ತದೆ. ತನ್ನ ಮಗುವಿನ ಮುಖವನ್ನು ಶತ್ರುದೇಶದ ಮಗುವಿನಲ್ಲಿ ಕಂಡ ತಂದೆಗೆ ಯಾವ ಪದವಿದೆ?

ಅಮೆರಿಕದ ಬಳಿ ಪದವಿತ್ತು: ದ್ರೋಹಿ. ಸೇನೆ ಮೊದಲಿಗೆ ಅವರಿಗೊಂದು ಪದಕ ಕೊಟ್ಟಿತು. ವಿಚಿತ್ರವೆಂದರೆ, ಫ್ರೀಮನ್‌ರಿಗೆ ಮೊದಲು ದೊರೆತದ್ದೂ ಅದೇ ಪದಕ. ಆದರೆ ಥಾಂಪ್ಸನ್‌ರ ಪ್ರಶಸ್ತಿಪತ್ರದಲ್ಲಿ ಮಗು ಎರಡು ಪಡೆಗಳ ಗುಂಡಿನ ಚಕಮಕಿಯಲ್ಲಿ ಸಿಲುಕಿತ್ತೆಂದು ಬರೆದಿತ್ತು. ಹತ್ಯಾಕಾಂಡವನ್ನು ಮುಚ್ಚಲು ಕೊಟ್ಟ ಆ ಪದಕವನ್ನು ಅವರು ಎಸೆದುಬಿಟ್ಟರು. 1969ರಲ್ಲಿ ವಿಷಯ ಬಯಲಾಗಿ ಅವರು ಸಾಕ್ಷ್ಯ ನುಡಿದಾಗ ಕೊಲೆ ಬೆದರಿಕೆಗಳು ಬಂದವು, ಸತ್ತ ಪ್ರಾಣಿಗಳನ್ನು ಮನೆಯ ಮುಂದೆ ಎಸೆಯಲಾಯಿತು. ಸಂಸತ್ತಿನ ಸೇನಾ ಸಮಿತಿಯ ಅಧ್ಯಕ್ಷ ಮೆಂಡೆಲ್ ರಿವರ್ಸ್, ಈ ಪ್ರಕರಣದಲ್ಲಿ ಶಿಕ್ಷೆಯಾಗಬೇಕಾದದ್ದು ಥಾಂಪ್ಸನ್‌ಗೆ ಮಾತ್ರ ಎಂಬ ನಿಲುವು ತಾಳಿದರು. ದುಃಸ್ವಪ್ನ, ಮದ್ಯ, ವಿಚ್ಛೇದನ. ಅವರ ಸಂಸಾರ ನುಚ್ಚುನೂರಾಯಿತು.

ಕೊಂದವನ ಕತೆಯೇನು? ಲೆಫ್ಟಿನೆಂಟ್ ವಿಲಿಯಂ ಕ್ಯಾಲಿ 22 ಮಂದಿಯ ಕೊಲೆಗಾಗಿ 1971ರಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾದ. ದಿನಗಳು ಕಳೆಯುವುದರೊಳಗೆ ಅಧ್ಯಕ್ಷ ನಿಕ್ಸನ್ ಆತನನ್ನು ಸೆರೆಮನೆಯಿಂದ ಗೃಹಬಂಧನಕ್ಕೆ ವರ್ಗಾಯಿಸಿದರು. ಆತನನ್ನು ಕೊಂಡಾಡುವ ಹಾಡಿನ ಧ್ವನಿಮುದ್ರಿಕೆಗಳು ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾದವು. ಆಗ ಜಾರ್ಜಿಯಾದ ರಾಜ್ಯಪಾಲರಾಗಿದ್ದ, ಮುಂದೆ ಮಾನವ ಹಕ್ಕುಗಳ ವಕ್ತಾರರೆನಿಸಿದ ಜಿಮ್ಮಿ ಕಾರ್ಟರ್, ಹಗಲಲ್ಲೇ ವಾಹನದ ದೀಪ ಉರಿಸಿ ಯೋಧರಿಗೆ ಬೆಂಬಲ ಸೂಚಿಸಿರೆಂದು ಜನರಿಗೆ ಕರೆ ನೀಡಿದರು. 1974ರಲ್ಲಿ ಕ್ಯಾಲಿ ಹೊರಬಂದ, ಮದುವೆಯಾದ, ಮಾವನ ಆಭರಣದಂಗಡಿಯಲ್ಲಿ ಕುಳಿತ, ಮಗನನ್ನು ಪಡೆದ. 2024ರವರೆಗೆ ಬದುಕಿದ. ಕೊಂದವನಿಗೆ ಸಂಸಾರದ ನೆಮ್ಮದಿ, ಉಳಿಸಿದವನಿಗೆ ಬಾಗಿಲಲ್ಲಿ ಸತ್ತ ಪ್ರಾಣಿ!

ತನ್ನವರ ಮೇಲೆಯೇ ಬಂದೂಕು ತಿರುಗಿಸಿದವನನ್ನು ಯಾವ ಸೇನೆ ತಾನೇ ಸಹಿಸೀತು ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ಆ ಸೇನೆಯ ಕಾನೂನಿನಲ್ಲೇ ಇದೆ. ನಿರಾಯುಧ ನಾಗರಿಕರನ್ನು ಕೊಲ್ಲುವುದು ಅಲ್ಲಿಯೂ ಅಪರಾಧ. ಮೇಲಿನವರ ಆದೇಶವಿತ್ತೆಂಬ ಕ್ಯಾಲಿಯ ವಾದವನ್ನು ಸೇನಾ ನ್ಯಾಯಾಲಯ ತಳ್ಳಿಹಾಕಿತು. ಹಾಗಾದರೆ ಆ ಬೆಳಿಗ್ಗೆ ಮೈಲಾಯ್‌ನಲ್ಲಿ ಕಾನೂನನ್ನು ಪಾಲಿಸಿದವರು ಯಾರು? ಶಿಸ್ತಿನ ಹೆಸರಿನಲ್ಲಿ ಥಾಂಪ್ಸನ್‌ರನ್ನು ದೂಷಿಸುವವರು ಶಿಸ್ತಿನ ಪರವಾಗಿಲ್ಲ, ತಮ್ಮವರ ಪರವಾಗಿದ್ದಾರೆ, ಅಷ್ಟೇ. ತನ್ನ ಮಕ್ಕಳನ್ನು ಕಾಪಾಡಿದವರಿಗೆ ಮಾತ್ರ ಹಾರ ಹಾಕುವ ರಾಷ್ಟ್ರ, ವಾಸ್ತವದಲ್ಲಿ ಹಾರ ಹಾಕುವುದು ತನ್ನ ಕೊರಳಿಗೇ. ಇದು ಅಮೆರಿಕದ ಕಾಯಿಲೆ ಮಾತ್ರವೆಂದು ನಾವು ನಿರಾಳರಾಗುವಂತಿಲ್ಲ. ಗಲಭೆ ನಡೆದ ಮರುದಿನ ಸತ್ತವರ ಹೆಸರು ನೋಡಿ ಮರುಗಬೇಕೋ ಬೇಡವೋ ಎಂದು ನಿರ್ಧರಿಸುವವರು ನಮ್ಮ ಬೀದಿಗಳಲ್ಲೂ ಇದ್ದಾರೆ, ಎಲ್ಲ ಸಮುದಾಯಗಳಲ್ಲೂ ಇದ್ದಾರೆ.

ಅಂತೂ 1998ರ ಮಾರ್ಚ್ 6ರಂದು, ಘಟನೆ ನಡೆದು ಮೂವತ್ತು ವರ್ಷಗಳಾಗುತ್ತಿದ್ದಾಗ, ಥಾಂಪ್ಸನ್‌ರಿಗೂ ಸಂಗಡಿಗರಿಗೂ 'ಸೋಲ್ಜರ್ಸ್ ಮೆಡಲ್' ದೊರೆಯಿತು. ಸದ್ದಿಲ್ಲದೆ ಕೊಟ್ಟು ಮುಗಿಸಲು ಸೇನೆ ಬಯಸಿತ್ತು. ವಾಷಿಂಗ್ಟನ್ನಿನ ವಿಯೆಟ್ನಾಂ ಸ್ಮಾರಕದ ಬಳಿ ಬಹಿರಂಗವಾಗಿ, ಸಂಗಡಿಗರೊಂದಿಗೆ ಕೊಟ್ಟರೆ ಮಾತ್ರ ಸ್ವೀಕರಿಸುವೆನೆಂದು ಥಾಂಪ್ಸನ್ ಪಟ್ಟು ಹಿಡಿದರು. ಆಂಡ್ರಿಯೋಟಾ 1968ರ ಏಪ್ರಿಲ್‌ನಲ್ಲೇ ಯುದ್ಧದಲ್ಲಿ ಮಡಿದಿದ್ದರು. ನಿಯಮದ ಪ್ರಕಾರ ಆ ಪದಕ ಸಲ್ಲುವುದು ಶತ್ರುವಿನೊಂದಿಗಿನ ಕಾಳಗಕ್ಕೆ ಸಂಬಂಧಿಸದ ಶೌರ್ಯಕ್ಕೆ. ಮೈಲಾಯ್‌ನಲ್ಲಿ ಶತ್ರುವೇ ಇರಲಿಲ್ಲವೆಂಬ ಸತ್ಯವನ್ನು ಸೇನೆ ತನಗರಿವಿಲ್ಲದೆಯೇ ಆ ಪದಕದ ಮೂಲಕ ಒಪ್ಪಿಕೊಂಡಂತಾಯಿತು.

ಅದೇ ತಿಂಗಳು ಥಾಂಪ್ಸನ್ ಮತ್ತು ಕೋಲ್‌ಬರ್ನ್ ಆ ಹಳ್ಳಿಗೆ ಮರಳಿ ಹೋದರು. ಅಂದು ಬದುಕುಳಿದಿದ್ದ ಮಹಿಳೆಯೊಬ್ಬರು, ಕೊಂದವರೂ ನಿಮ್ಮ ಜೊತೆ ಯಾಕೆ ಬರಲಿಲ್ಲ ಎಂದು ಕೇಳಿದರು. ಥಾಂಪ್ಸನ್ ತಬ್ಬಿಬ್ಬಾದರು. ಬಂದಿದ್ದರೆ ಅವರನ್ನು ಕ್ಷಮಿಸಬಹುದಿತ್ತು ಎಂದು ಆಕೆ ಮಾತು ಮುಗಿಸಿದರು. ಹಾಗೆ ಕ್ಷಮಿಸುವಷ್ಟು ದೊಡ್ಡವನು ತಾನಲ್ಲವೆಂದು ಥಾಂಪ್ಸನ್ ಮುಂದೆ ಹೇಳಿಕೊಂಡರು.