ಮೋಟಾರು ವಿದ್ಯೆಯ ವೆಚ್ಚವೂ ಗಳಿಕೆಯೂ

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶವು ಪ್ರಕಟವಾದೊಡನೆ ನಮ್ಮ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಪಾಲಕರು ಮಗಳನ್ನು ಮುಂದೆ ಏನು ಓದಿಸಬೇಕೆಂದು ವಿಚಾರಿಸುವಾಗ, ಪಿ.ಯು.ಸಿ., ನರ್ಸಿಂಗ್, ಶಿಕ್ಷಕಿಯ ತರಬೇತಿ ಇವುಗಳ ಹೆಸರು ಬರುತ್ತವೆಯೇ ಹೊರತು ಮೋಟಾರು ವಾಹನ ವಿದ್ಯೆಯ ಹೆಸರು ಬರುವುದಿಲ್ಲ. ಅದು ಗಂಡುಮಕ್ಕಳ ಕಸಬೆಂದು ಎಲ್ಲರೂ ಮೊದಲೇ ನಿಶ್ಚಯಿಸಿಕೊಂಡಿದ್ದಾರೆ. ತಗಲುವ ಹಣವೆಷ್ಟು, ಬರುವ ಹಣವೆಷ್ಟು ಎಂದು ಎಣಿಸಿ ನೋಡಿದ ಮೇಲೆ ಬೇಡವೆಂದರೆ ನಮ್ಮ ತಕರಾರಿಲ್ಲ. ಎಣಿಸದೆಯೇ ಬೇಡವೆನ್ನುವುದು ಸರಿಯಲ್ಲವೆಂದು ನಾವು ತಿಳಿಯುತ್ತೇವೆ.

ಈ ವಿದ್ಯೆಗೆ ದಾರಿಗಳು ಎರಡು. ಐ.ಟಿ.ಐ.ಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿಯು ಎರಡು ವರ್ಷದ್ದು. ಪಾಲಿಟೆಕ್ನಿಕ್ಕಿನಲ್ಲಿ ಆಟೋಮೊಬೈಲ್ ಇಂಜಿನಿಯರಿಂಗ್ ಡಿಪ್ಲೊಮಾ ಮೂರು ವರ್ಷದ್ದು. ಐ.ಟಿ.ಐ. ಮುಗಿಸಿದವಳು ಡಿಪ್ಲೊಮಾದ ಎರಡನೆಯ ವರ್ಷಕ್ಕೂ, ಡಿಪ್ಲೊಮಾ ಮುಗಿಸಿದವಳು ಪ್ರವೇಶ ಪರೀಕ್ಷೆಯನ್ನು ಕೊಟ್ಟು ಬಿ.ಇ. ಎರಡನೆಯ ವರ್ಷಕ್ಕೂ ಸೇರಬಹುದಾಗಿದೆ. ಆದುದರಿಂದ ಚಿಕ್ಕ ದಾರಿಯನ್ನು ಹಿಡಿದವಳಿಗೆ ದೊಡ್ಡ ದಾರಿಯು ಮುಚ್ಚಿಹೋಯಿತೆಂದು ಯಾರೂ ಭಯಪಡಬೇಕಾಗಿಲ್ಲ.

ಗಂಡುಹುಡುಗನಿಗೆ ಈ ಪ್ರಮಾಣಪತ್ರದ ಅವಶ್ಯವು ಅಷ್ಟಿಲ್ಲವೆಂಬುದನ್ನು ನಾವು ಒಪ್ಪುತ್ತೇವೆ. ಸವಣೂರಿನಲ್ಲಾಗಲಿ ಹಾನಗಲ್ಲಿನಲ್ಲಾಗಲಿ ಅವನು ಯಾವುದಾದರೊಂದು ಗ್ಯಾರೇಜಿಗೆ ಹೋಗಿ, ಪಾನಾ ಎತ್ತಿಕೊಡುತ್ತಾ, ಉಸ್ತಾದನ ಕೈ ನೋಡುತ್ತಾ ನಾಲ್ಕು ವರ್ಷಗಳಲ್ಲಿ ಕೆಲಸವನ್ನು ಕಲಿತುಬಿಡುತ್ತಾನೆ. ಅವನನ್ನು ಯಾರೂ ಕಾಗದ ಕೇಳುವುದಿಲ್ಲ. ನಮ್ಮ ಹೆಣ್ಣುಮಗಳು ಹಾಗೆ ಹೋಗಿ ಗ್ಯಾರೇಜಿನಲ್ಲಿ ಕೂತುಕೊಳ್ಳಲು ಊರೂ ಬಿಡದು, ಮನೆಯೂ ಬಿಡದು. ಆಕೆಗೆ ಈ ಕಸಬಿನೊಳಗೆ ಹೋಗಲಿಕ್ಕೆ ಇರುವ ಬಾಗಿಲು ಶಾಲೆಯೊಂದೇ. ಅಣ್ಣನ ಪಾಲಿಗೆ ದಂಡವೆನಿಸಬಹುದಾದ ಅದೇ ಖರ್ಚು ತಂಗಿಯ ಪಾಲಿಗೆ ದಂಡವಾಗದೆ ಇರುವದು ಈ ಕಾರಣದಿಂದಲೇ. ನೆರೆಮನೆಯ ಹುಡುಗನು ಏನೂ ಓದದೆ ಗಳಿಸುತ್ತಾನೆಂಬ ದೃಷ್ಟಾಂತವನ್ನು ಮಗಳ ವಿಷಯದಲ್ಲಿ ತರತಕ್ಕದ್ದಲ್ಲ.

ಇನ್ನು ವೆಚ್ಚದ ಮಾತು. ಪಾಲಕರು ಫೀಯನ್ನು ಮಾತ್ರ ಕೇಳಿಕೊಂಡು ಬರುತ್ತಾರೆ. ಸರ್ಕಾರಿ ಸಂಸ್ಥೆಗಳಲ್ಲಿ ಫೀಯು ವೆಚ್ಚದ ಸಣ್ಣ ಭಾಗ. ದೊಡ್ಡ ಭಾಗವು ಊಟ, ವಸತಿ, ದಾರಿ, ಮತ್ತು ಆ ವರ್ಷಗಳಲ್ಲಿ ಮಗಳು ಮನೆಗೆ ತರಬಹುದಾಗಿದ್ದ ಕೂಲಿ. ಹಿರೇಕೆರೂರ ಕಡೆಯ ಬೀಜೋತ್ಪಾದನೆಯ ಹೊಲಗಳಲ್ಲಿ ಹೆಣ್ಣುಮಕ್ಕಳ ಕೈಗೆ ಎಷ್ಟು ಬೇಡಿಕೆಯಿದೆಯೆಂಬುದನ್ನು ಬಲ್ಲ ತಾಯಂದಿರಿಗೆ ಈ ಕೊನೆಯ ಬಾಬನ್ನು ನಾವು ವಿವರಿಸಬೇಕಾಗಿಲ್ಲ. ದಾರಿಯ ಖರ್ಚಾದರೋ 2023ನೆಯ ಇಸವಿಯ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಇಳಿದುಹೋಯಿತು. ಹೆದ್ದಾರಿಯ ಮೇಲಿರುವ ಶಿಗ್ಗಾಂವಿಯ ಹುಡುಗಿಯು ಸಾರಿಗೆ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹಣ ಕೊಡದೆ ಹೋಗಿ ಸಂಜೆಗೆ ಮನೆ ಸೇರಬಹುದು. ಹಿರೇಕೆರೂರಿನವಳಿಗೆ ಅದು ಸಾಧ್ಯವಿಲ್ಲ. ಆಕೆಯು ರಾಣೇಬೆನ್ನೂರು, ದಾವಣಗೆರೆ, ಶಿವಮೊಗ್ಗೆಗಳ ಕಡೆಗೆ ನೋಡಬೇಕು, ಇಲ್ಲವೆ ವಸತಿಗೃಹದಲ್ಲಿ ಇರಬೇಕು. ವಿದ್ಯೆ ಒಂದೇ ಆದರೂ ಊರೂರಿಗೆ ಲೆಕ್ಕ ಬೇರೆ.

ಡಿಪ್ಲೊಮಾಕ್ಕೆ ಸೇರುವ ಹುಡುಗಿಯರಿಗಾಗಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಪ್ರಗತಿ ವಿದ್ಯಾರ್ಥಿವೇತನವಿದೆ: ವರ್ಷಕ್ಕೆ ರೂ. 50,000. ಕುಟುಂಬದ ವಾರ್ಷಿಕ ಆದಾಯವು 8 ಲಕ್ಷವನ್ನು ಮೀರಿರಬಾರದು. ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳಿಗೆ ಸಿಕ್ಕಬಹುದು. ಆಯ್ಕೆಯು ಅಂಕಗಳ ಮೇಲೆ. ಇದು ದೊರೆತರೆ ವೆಚ್ಚದ ಬಹುಭಾಗವು ತೀರಿತು. ಆದರೆ ದೊರೆತೇ ದೊರೆಯುವದೆಂದು ನಂಬಿ ಸಾಲ ಮಾಡಿ, ದುಬಾರಿ ಫೀಯ ಖಾಸಗಿ ಸಂಸ್ಥೆಗೆ ಹಾಕುವುದನ್ನು ನಾವು ಎಷ್ಟು ಮಾತ್ರಕ್ಕೂ ಒಪ್ಪಲಾರೆವು. ಅಂಕಗಳು ಕಡಿಮೆಯಿದ್ದರೆ ಸರ್ಕಾರಿ ಐ.ಟಿ.ಐ.ಯಿಂದ ಆರಂಭಿಸುವುದೇ ಲೇಸು.

ಗಳಿಕೆಯ ವಿಷಯದಲ್ಲಿ ಜಾಹೀರಾತುಗಳನ್ನು ನಂಬಬಾರದು. ಕೆಲಸ ಸಿಕ್ಕದ ಪದವೀಧರರಿಗೆ ತಿಂಗಳಿಗೆ ರೂ. 3,000, ಡಿಪ್ಲೊಮಾದವರಿಗೆ ರೂ. 1,500ರಂತೆ ಎರಡು ವರ್ಷಗಳವರೆಗೆ ಕೊಡುವ ಯುವನಿಧಿಯನ್ನು ನಮ್ಮ ರಾಜ್ಯ ಸರ್ಕಾರವು 2024ರ ಜನವರಿಯಲ್ಲಿ ಆರಂಭಿಸಿತು. ಕಾಗದ ಬಂದ ಮಾತ್ರಕ್ಕೆ ಕೆಲಸ ಬರುವುದಿಲ್ಲವೆಂಬುದನ್ನು ಸರ್ಕಾರವೇ ಒಪ್ಪಿಕೊಂಡಂತಾಯಿತಷ್ಟೆ! ತರಬೇತಿಯ ಬೆನ್ನಿಗೆ ಮಾಡತಕ್ಕ ಅಪ್ರೆಂಟಿಸ್ ಕಾಲಕ್ಕೆ 1961ರ ಕಾಯಿದೆಯ ಮೇರೆಗೆ ವೇತನವುಂಟು. 2019ರ ತಿದ್ದುಪಡಿಯು ಅದರ ಕನಿಷ್ಠ ಮೊತ್ತವನ್ನು ಓದಿಗೆ ತಕ್ಕಂತೆ ತಿಂಗಳಿಗೆ ರೂ. 5,000ದಿಂದ 9,000ದವರೆಗೆ ಗೊತ್ತುಮಾಡಿತು. ಒಬ್ಬಳಿಗೆ 7,000 ಬಂದಿತೆನ್ನೋಣ. ಬೆಂಗಳೂರಿನ ಕಡೆಗೆ ಹೋಗಿ ಊಟ ವಸತಿಗೆ 5,500 ಕೊಟ್ಟರೆ ಉಳಿಯುವದು 1,500. ಹುಬ್ಬಳ್ಳಿ ಧಾರವಾಡಗಳಲ್ಲಿ ಅದೇ ವೇತನ ಸಿಕ್ಕಿ ಮನೆಯಿಂದಲೇ ಹೋಗಿಬಂದರೆ ಹೆಚ್ಚು ಕಡಿಮೆ ಅಷ್ಟೂ ಉಳಿಯುವದು. ಧಾರವಾಡದಲ್ಲಿ ಟಾಟಾ ಕಂಪನಿಯ ವಾಹನ ಕಾರ್ಖಾನೆಯಿದೆ. ಹುಬ್ಬಳ್ಳಿಯಲ್ಲಿ ಕಾರು, ದ್ವಿಚಕ್ರಗಳ ಸರ್ವಿಸ್ ಕೇಂದ್ರಗಳಿವೆ. ದೂರದ ದೊಡ್ಡ ಸಂಖ್ಯೆಗೆ ಮರುಳಾಗುವ ಮೊದಲು ಹತ್ತಿರದವುಗಳನ್ನು ವಿಚಾರಿಸಬೇಕು.

ಗಳಿಕೆಯು ನಾಳೆ ಗಂಡನ ಮನೆಗೆ ಹೋಗುವುದು, ಖರ್ಚು ಮಾತ್ರ ನಮ್ಮದೇಕೆ ಎಂದು ಕೆಲವು ಪಾಲಕರು ಕೇಳುತ್ತಾರೆ. ಮದುವೆಯ ಊಟಕ್ಕೆಂದು ಹೊಲವನ್ನು ಒತ್ತೆಯಿಡುವಾಗ ಈ ಪ್ರಶ್ನೆಯನ್ನು ಕೇಳಿದವರನ್ನು ನಾವು ಕಂಡಿಲ್ಲ.

ಕೈಗೆ ಎಣ್ಣೆ ಮಸಿ ಹತ್ತುವುದೆಂಬ ಅಳುಕು ಕೆಲವರಿಗಿದೆ. ವಿದ್ಯುತ್ ವಾಹನದಲ್ಲಿ ಇಂಜಿನ್ನೂ ಇಲ್ಲ, ಅದರ ಎಣ್ಣೆಯೂ ಇಲ್ಲ. ಬ್ಯಾಟರಿ, ಮೋಟಾರು, ತಂತಿ, ಗಣಕಯಂತ್ರದಿಂದ ದೋಷ ಹುಡುಕುವುದು, ಇವೇ ಅಲ್ಲಿಯ ಕೆಲಸ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ತನ್ನ ವಿದ್ಯುತ್ ಸ್ಕೂಟರ್ ಕಾರ್ಖಾನೆಯನ್ನು ಸ್ತ್ರೀಯರಿಂದಲೇ ನಡೆಸುವದಾಗಿ ಓಲಾ ಕಂಪನಿಯು 2021ರಲ್ಲಿ ಪ್ರಕಟಿಸಿತು. ನಮ್ಮ ರಾಜ್ಯದ 150 ಸರ್ಕಾರಿ ಐ.ಟಿ.ಐ.ಗಳನ್ನು ಸುಮಾರು 4,700 ಕೋಟಿ ರೂಪಾಯಿ ವೆಚ್ಚದಲ್ಲಿ ಹೊಸ ಯಂತ್ರಗಳಿಂದ ಸಜ್ಜುಗೊಳಿಸಿ 2022ರ ಜೂನ್ ತಿಂಗಳಲ್ಲಿ ಉದ್ಘಾಟಿಸಿದರು. ಹಳೆಯ ಡೀಸೆಲ್ ಇಂಜಿನ್ನೊಂದನ್ನು ಬಿಚ್ಚಿ ಜೋಡಿಸುವುದಷ್ಟನ್ನೇ ಕಲಿಸುವ ಸಂಸ್ಥೆಗೆ ಮಗಳ ಎರಡು ವರ್ಷಗಳನ್ನು ಒಪ್ಪಿಸುವುದು ಲಾಭದ ಮಾತಲ್ಲ.

ಅರ್ಜಿಗೆ ಸಹಿ ಹಾಕುವ ಮೊದಲು ಪಾಲಕರು ಆ ಸಂಸ್ಥೆಗೆ ತಾವೇ ಹೋಗಿ ಕಾರ್ಯಶಾಲೆಯನ್ನು ನೋಡಬೇಕು. ಕಳೆದ ಮೂರು ವರ್ಷಗಳಲ್ಲಿ ಅಲ್ಲಿಂದ ಹೊರಬಿದ್ದ ಹುಡುಗಿಯರು ಎಷ್ಟು ಮಂದಿ, ಅವರು ಯಾವ ಊರಲ್ಲಿ ಯಾವ ಸಂಬಳಕ್ಕೆ ಇದ್ದಾರೆಂಬುದನ್ನು ಬರಹದಲ್ಲಿ ಕೇಳಬೇಕು. ಈ ಕಸಬಿನಲ್ಲಿ ಈಗಾಗಲೇ ಇರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಯಾರಾದರೂ ಇದ್ದರೆ ತಮಗೆ ತಗಲಿದ್ದೆಷ್ಟು, ದೊರೆತದ್ದೆಷ್ಟು ಎಂಬುದನ್ನು ಶಾಲೆಗೆ ಬರೆದು ತಿಳಿಸಬೇಕೆಂದು ಕೋರುತ್ತೇವೆ.